ಬಿಸಿಯಲ್ಲಿ ನೂರೈವತ್ತು

ಮಾರ್ಚ್ 4, ಸೋಮವಾರ

ಇವತ್ತು 212 ಆಕ್ಸಿಜನ್ ಸಿಲಿಂಡರ್ ತುಂಬಿದೆವು. ನಾನು ಈ ವಿಭಾಗದ ಮೇಲ್ವಿಚಾರಕನಾದ ಐದು ತಿಂಗಳಲ್ಲಿ ಇದೇ ಅತಿ ಹೆಚ್ಚು. ನನಗಿಂತ ಮೊದಲು ಈ ಹುದ್ದೆಯಲ್ಲಿದ್ದ ದೊಡ್ಡ ಮೇಸ್ತ್ರಿಗಳ ಕಾಲದಲ್ಲಿ ದಿನಕ್ಕೆ 140 ದಾಟುತ್ತಿರಲಿಲ್ಲ. ಯಂತ್ರ ಅದೇ, ಜನ ಅವರೇ. ನಾನು ಮಾಡಿದ್ದು ಒಂದೇ ಕೆಲಸ, ಅವರ ಟೀ ವಿರಾಮ ತೆಗೆದುಹಾಕಿದ್ದು. ಒಂದು ಸಾಲು ತುಂಬಿದ ಕೂಡಲೇ ವಾಲ್ವ್ ಮುಚ್ಚಿ ಎಲ್ಲರೂ ಒಂದು ಗಂಟೆ ಟೀ ಕುಡಿಯುವುದು, ವಾಪಸ್ ಬಂದು ಒತ್ತಡ ಮಾಪಕದ ಮುಳ್ಳು ಇನ್ನೊಮ್ಮೆ ನೋಡುವುದು, ಚೂರು ತುಂಬಿಸಿ ಸೀಲ್ ಹಾಕುವುದು. ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು. ಯಾಕೆಂದು ಯಾರೂ ಕೇಳಲಿಲ್ಲ. ನಾನು ಕೇಳಿದೆ, ಉತ್ತರ ಬರಲಿಲ್ಲ, ನಿಲ್ಲಿಸಿದೆ. ಮಾಲೀಕರು ಎಲ್ಲರೆದುರು ಬೆನ್ನು ತಟ್ಟಿದರು.

ವೆಲ್ಡಿಂಗ್ ಅಂಗಡಿಯವನೊಬ್ಬ ಬಂದು ಸಿಲಿಂಡರ್ ಬೇಗ ಮುಗಿಯುತ್ತದೆ ಎಂದು ಗೊಣಗಿದ. ಒಂದು ತಿಂಗಳಲ್ಲಿ ಇವನು ಮೂರನೆಯವನು. ಮೊದಲು ನಿಮ್ಮ ಪೈಪ್ ನೋಡಿಕೊಳ್ಳಿ ಎಂದೆ.

ಹೊಸ ನಿಯಮ ಬಂದಿದೆ. ಮೇಲ್ವಿಚಾರಕರೆಲ್ಲ ಪ್ರಮಾಣಪತ್ರದ ಪರೀಕ್ಷೆ ಪಾಸಾಗಲೇಬೇಕು, ಇಲ್ಲದಿದ್ದರೆ ಹುದ್ದೆ ಖಾಯಂ ಆಗುವುದಿಲ್ಲ. ಪರೀಕ್ಷೆ ಏಪ್ರಿಲ್ 7ಕ್ಕೆ. ಸುರಕ್ಷತೆ ನನಗೆ ಬಾಯಿಪಾಠ. ಭೌತಶಾಸ್ತ್ರದ್ದೇ ತಲೆನೋವು. ಹತ್ತನೆಯ ತರಗತಿಯ ನಂತರ ನಾನು ಆ ಕಡೆ ತಲೆ ಹಾಕಿದವನಲ್ಲ.

ಮಾರ್ಚ್ 9, ಶನಿವಾರ

ಅಕ್ಕ ಪಾಠ ಶುರು ಮಾಡಿದಳು. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿ ನಮ್ಮಲ್ಲೇ ಇದ್ದಾಳೆ. ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ, ನೋಟ್‌ಬುಕ್, ಕೈಯಲ್ಲಿ ಅಡಿಪಟ್ಟಿ. ನಲವತ್ತನಾಲ್ಕು ವರ್ಷದವನಿಗೆ ಅಡಿಪಟ್ಟಿ.

"ಆದರ್ಶ ಅನಿಲ ಅಂದ್ರೆ ಏನು, ಹೇಳು."

"ಶುದ್ಧವಾಗಿರೋದು?"

"ನಿನ್ನ ತಲೆ. ಕಣಗಳಿಗೆ ಗಾತ್ರ ಇಲ್ಲ ಅಂತ ಅಂದ್ಕೊ. ಒಂದಕ್ಕೊಂದು ಸೆಳೆತಾನೂ ಇಲ್ಲ, ಜಗಳಾನೂ ಇಲ್ಲ. ಸುಮ್ನೆ ಓಡ್ತಿರ್ತಾವೆ, ಗೋಡೆಗೆ ಬಡೀತಾವೆ, ವಾಪಸ್ ಬರ್ತಾವೆ. ಆ ಬಡಿತಾನೇ ಒತ್ತಡ."

"ಅಂಥ ಅನಿಲ ಎಲ್ಲಿದೆ ಅಕ್ಕ?"

"ಎಲ್ಲೂ ಇಲ್ಲ. ಲೆಕ್ಕಕ್ಕೆ ಬೇಕಲ್ಲ, ಅದಕ್ಕೆ ಇಟ್ಕೊಂಡಿದೀವಿ."

ಮೊದಲ ಲೆಕ್ಕದಲ್ಲೇ ಎಡವಿದೆ. ತಾಪಮಾನ 30ರಿಂದ 60ಕ್ಕೆ ಏರಿದರೆ ಒತ್ತಡ ಎರಡು ಪಟ್ಟು ಎಂದು ಬರೆದೆ. ಅಕ್ಕ ನೋಟ್‌ಬುಕ್ಕನ್ನು ನನ್ನ ಹೆಂಡತಿಗೆ ತೋರಿಸಿ, "ನೋಡಮ್ಮಾ, ನಿನ್ನ ಗಂಡ ತುಂಬೋ ಕಡೆ ನಾನು ಹೋಗಿ ನಿಲ್ಲಲ್ಲ" ಎಂದಳು. 273 ಕೂಡಿಸಬೇಕಂತೆ. ಸೊನ್ನೆ ಎಂದರೆ ನಾವು ತಿಳಿದ ಸೊನ್ನೆಯಲ್ಲ, ಅದಕ್ಕೂ ಬಹಳ ಕೆಳಗೆ ಇನ್ನೊಂದು ಸೊನ್ನೆ ಇದೆ, ಎಣಿಕೆ ಅಲ್ಲಿಂದ. ಕೂಡಿಸಿ ಮಾಡಿದರೆ ಎರಡು ಪಟ್ಟಲ್ಲ, ಬರೀ ಹತ್ತನೇ ಒಂದು ಭಾಗ ಹೆಚ್ಚು. ಅಷ್ಟೇನಾ ಅನಿಸಿತು.

ಮಾರ್ಚ್ 12, ಮಂಗಳವಾರ

ಕೆಟ್ಟ ದಿನ. ಮನೆಯಲ್ಲೇ ಆಕ್ಸಿಜನ್ ಮೇಲಿರುವ ಒಬ್ಬ ಹಿರಿಯರಿದ್ದಾರೆ, ನಿವೃತ್ತ ಬಸ್ ಕಂಡಕ್ಟರ್. ನಿಮಿಷಕ್ಕೆ ಎರಡು ಲೀಟರ್ ಲೆಕ್ಕದಲ್ಲಿ ನಮ್ಮ ಒಂದು ಸಿಲಿಂಡರ್ ಅವರಿಗೆ 58 ಗಂಟೆ ಬರಬೇಕು. ನಾವು ಕೊಟ್ಟ ಕಾರ್ಡಿನಲ್ಲಿ ಹಾಗೇ ಬರೆದಿದೆ. ಮುಗಿಯುವ ಎರಡು ಗಂಟೆ ಮೊದಲು ಇನ್ನೊಂದು ತಲುಪುತ್ತದೆ. ಈ ಸಲ 52ನೇ ಗಂಟೆಗೇ ಖಾಲಿಯಾಯಿತು. ಮಗಳು ಬಟ್ಟೆ ಒಣಹಾಕಿ ಬಂದು ನೋಡಿದಾಗ ತುಟಿ ನೀಲಿಯಾಗಿತ್ತಂತೆ. ಆಸ್ಪತ್ರೆಗೆ ಸೇರಿಸಿದ್ದಾರೆ. ಪ್ರಜ್ಞೆ ಬಂದಿದೆ, ಮಾತಿಲ್ಲ.

ಮಾಲೀಕರು ಕರೆಸಿ ಹೇಳಿಕೆ ಬರೆಸಿಕೊಂಡರು. ಸೀಲ್ ಹಾಕುವಾಗ ಮುಳ್ಳು ಪೂರ್ತಿ ಒತ್ತಡ, 150 ಬಾರ್, ತೋರಿಸುತ್ತಿತ್ತು, ನಾನೇ ನೋಡಿದೆ, ನಾನೇ ಸೀಲ್ ಹಾಕಿದೆ ಎಂದು ಬರೆದು ಸಹಿ ಮಾಡಿದೆ. ಅಕ್ಷರಕ್ಷರ ನಿಜ.

ಮಾರ್ಚ್ 13, ಬುಧವಾರ

ಆರು ಗಂಟೆಯ ಗ್ಯಾಸ್ ಎಲ್ಲಿ ಹೋಯಿತು? ನನ್ನ ಕೈ ಬಿಡುವಾಗ ಪೂರ್ತಿ ಇತ್ತು. ರೋಗಿಯ ಮನೆಯಲ್ಲಿ ಸೋರಿಕೆ ಇಲ್ಲವೆಂದು ಪರೀಕ್ಷಿಸಿದವರು ಹೇಳಿದ್ದಾರೆ. ನಡುವೆ ಉಳಿದದ್ದು ವ್ಯಾನು. ಅದನ್ನು ಓಡಿಸಿ ಸಿಲಿಂಡರ್ ಇಳಿಸುವವನು ಸೀಟಿ. ಯಾವಾಗಲೂ ಸಿಳ್ಳೆ ಹಾಕುತ್ತಿರುವುದರಿಂದ ಆ ಹೆಸರು. ಅವನ ಭಾವನ ವೆಲ್ಡಿಂಗ್ ಅಂಗಡಿ ದಾರಿಯಲ್ಲೇ ಇದೆ. ಸೀಲುಗಳ ಕಟ್ಟು ವ್ಯಾನಿನಲ್ಲೇ ಬಿದ್ದಿರುತ್ತದೆ. ದಾರಿಯಲ್ಲಿ ಗ್ಯಾಸ್ ಮಾರಿ ಹೊಸ ಸೀಲ್ ಹಾಕಿದ್ದಾನೆ ಎಂದು ಮಾಲೀಕರು ಲೆಕ್ಕ ಕೂಡಿಸಿದರು. ಅವನನ್ನು ಕರೆಸಿ ವಿಚಾರಣೆ ಮಾಡಿ, ಇವತ್ತಿನಿಂದ ಕೆಲಸಕ್ಕೆ ಬರಬೇಡ ಎಂದರು.

"ಅಣ್ಣ, ನೀವಾದ್ರೂ ಹೇಳಿ" ಎಂದ ನನ್ನ ಕಡೆ ತಿರುಗಿ. ಎಂಟು ವರ್ಷದಿಂದ ಅಣ್ಣ ಎನ್ನುತ್ತಾನೆ.

"ನನಗೆ ಗೊತ್ತಿರೋದು ನೂರೈವತ್ತು ಇತ್ತು ಅನ್ನೋದಷ್ಟೆ" ಎಂದೆ.

ಇದರಲ್ಲಿ ನನ್ನದೇನಿದೆ? ಕಂಡದ್ದನ್ನು ಹೇಳಿದೆ. ಅವನು ಕದ್ದಿದ್ದಾನೆಂದು ನಾನು ಹೇಳಲಿಲ್ಲ.

ಇವತ್ತು 205.

ಮಾರ್ಚ್ 17, ಭಾನುವಾರ

ಗಟ್ಟಿ ಡಬ್ಬಿಯೊಳಗಿನ ಅನಿಲದ ಪಾಠ. ಗಾತ್ರ ಬದಲಾಗದು, ಅನಿಲ ಹೊರಗೆ ಹೋಗದು, ಬಿಸಿಯಾದರೆ ಒತ್ತಡ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಹತ್ತರಲ್ಲಿ ಎಂಟು ಲೆಕ್ಕ ಸರಿ. ಅಕ್ಕ ನಂಬಲಿಲ್ಲ, ಹಿಂದಿನ ಪುಟ ನೋಡಿ ಬರೆದೆಯಾ ಎಂದು ಕೇಳಿದಳು.

ಸೀಟಿಯ ಹೆಂಡತಿ ನನ್ನ ಹೆಂಡತಿಗೆ ಅಂಗಡಿಯಲ್ಲಿ ಸಿಕ್ಕಳಂತೆ. ಮಾತಾಡಿಸದೆ ಹೋದಳಂತೆ. ಹೋಗಲಿ.

ಮಾರ್ಚ್ 20, ಬುಧವಾರ

ಬಿಸಿಲು ವಿಪರೀತ. ಶೆಡ್ಡಿನೊಳಗೆ ನಿಲ್ಲಲಾಗದು. 198.

ಸಾಲಿನಲ್ಲಿ ನಡೆಯುತ್ತ ಎಂದಿನಂತೆ ಕೈಯ ಹಿಂಭಾಗದಿಂದ ಒಂದೊಂದೇ ಸಿಲಿಂಡರ್ ಮುಟ್ಟಿ ನೋಡಿದೆ. ನಮ್ಮ ಕೆಲಸದಲ್ಲಿ ಎಲ್ಲರೂ ಮೊದಲ ದಿನವೇ ಕಲಿಯುವುದು ಇದನ್ನು. ತುಂಬುವಾಗ ಬಿಸಿಯಾದರೆ ಗ್ಯಾಸ್ ಹೋಗುತ್ತಿದೆ ಎಂದು ಅರ್ಥ, ತಣ್ಣಗಿದ್ದರೆ ಅದರ ವಾಲ್ವ್ ತೆರೆದಿಲ್ಲ. ಬಿಸಿ ಇದ್ದಷ್ಟೂ ಒಳ್ಳೆಯದು. ಇವತ್ತು ಒಂದು ಚುರ್ರೆಂದಿತು. ಕೈ ಹಿಂದಕ್ಕೆ ಎಳೆದುಕೊಂಡೆ. ಎಷ್ಟಿರಬಹುದು ಎಂದು ಮೊದಲ ಬಾರಿಗೆ ಅನಿಸಿತು. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ.

ಮಾರ್ಚ್ 24, ಭಾನುವಾರ

ಅಕ್ಕ ಒಂದು ಲೆಕ್ಕ ಕೊಟ್ಟು ಸ್ನಾನಕ್ಕೆ ಹೋದಳು. ಅದನ್ನು ಮಾಡಲಿಲ್ಲ. ಬೇರೆ ಒಂದು ಮಾಡಿದೆ. ಸಿಲಿಂಡರ್ 60 ಡಿಗ್ರಿ ಇರುವಾಗ ಮುಳ್ಳು 150. ಕೋಣೆಯಲ್ಲಿ 27 ಡಿಗ್ರಿಗೆ ಬಂದಾಗ ಎಷ್ಟು? 333, 300. ಉತ್ತರ 135. ಹತ್ತನೇ ಒಂದು ಭಾಗ ಕಡಿಮೆ. 58 ಗಂಟೆಯಲ್ಲಿ ಹತ್ತನೇ ಒಂದು ಭಾಗ ಸುಮಾರು ಆರು.

ಮೂರು ಸಲ ಮಾಡಿದೆ. 273 ಕೂಡಿಸಿದ್ದೇನೆ.

ಮಾರ್ಚ್ 26, ಮಂಗಳವಾರ

ಪುಸ್ತಕದ ಅನಿಲ ಬೇರೆ, ನಮ್ಮದು ಬೇರೆ ಇರಬಹುದು ಎಂದುಕೊಂಡು ನಿನ್ನೆ ಒಂದು ಸಿಲಿಂಡರ್ ತೆಗೆದಿಟ್ಟೆ. ಅಕ್ಕನ ಶಾಲೆಯ ಕಾಲದ ತಾಪಮಾಪಕವನ್ನು ಅದರ ಮೈಗೆ ಒತ್ತಿ ಬಟ್ಟೆ ಸುತ್ತಿದೆ: 60. ಮುಳ್ಳು: 150. ವಾಲ್ವಿಗೆ ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆ ಇಲ್ಲ. ಕಚೇರಿಯ ಹಿಂದಿನ ತಂಪು ಕೋಣೆಯಲ್ಲಿ ನಿಲ್ಲಿಸಿ ಬೀಗ ಹಾಕಿದೆ. ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ತೆರೆದೆ. ತಾಪಮಾನ 27. ಮುಳ್ಳು 132.

135 ಕೂಡ ಅಲ್ಲ. ಅದಕ್ಕಿಂತ ಕಡಿಮೆ.

ಅಕ್ಕನಿಗೆ ಬರೀ ಅಂಕಿ ಹೇಳಿದೆ, ಯಾವುದರದ್ದೆಂದು ಹೇಳಲಿಲ್ಲ. "ಅಷ್ಟು ಒತ್ತಡದಲ್ಲಿ ಕಣಗಳು ಮೈಗೆ ಮೈ ತಾಗಿಸ್ಕೊಂಡಿರ್ತಾವೆ ಕಣೋ. ಒಂದನ್ನೊಂದು ಎಳ್ಕೊಳ್ತಾವೆ. ಆದರ್ಶ ಎಲ್ಲಿಂದ ಬರಬೇಕು? ಲೆಕ್ಕ ಹೇಳಿದ್ದಕ್ಕಿಂತ ಸ್ವಲ್ಪ ಕೆಟ್ಟದಾಗೇ ಇರತ್ತೆ" ಎಂದಳು. ಆಮೇಲೆ ನನ್ನ ಮುಖ ನೋಡಿ ಪುಸ್ತಕ ಮುಚ್ಚಿದಳು. "ಇವತ್ತು ಸಾಕು."

ಮಾರ್ಚ್ 28, ಗುರುವಾರ

ದೊಡ್ಡ ಮೇಸ್ತ್ರಿಗಳ ಮನೆಗೆ ಹೋಗಿದ್ದೆ. ಮೆಟ್ಟಿಲ ಮೇಲೆ ಕುಳಿತು ಹಳೆಯ ರೇಡಿಯೊ ಬಿಚ್ಚುತ್ತಿದ್ದರು. ಟೀ ವಿರಾಮ ಯಾಕೆ ಇಟ್ಟಿದ್ದಿರಿ ಎಂದು ಕೇಳಿದೆ.

"ನನಗೆ ಕಲಿಸಿದೋರು ಇಟ್ಟಿದ್ರು, ನಾನೂ ಇಟ್ಟೆ. ಟೀ ಕುಡಿದು ಬಂದ್ರೆ ಮುಳ್ಳು ಇಳಿದಿರೋದು. ಇಳಿದಿದ್ದಕ್ಕೆ ತುಂಬಿಸ್ತಿದ್ದೆ."

"ಯಾಕೆ ಇಳಿಯತ್ತೆ ಅಂತ ಅನ್ನಿಸ್ಲಿಲ್ವಾ?"

"ಹಾಲು ಉಕ್ಕಿದಾಗ ಪಾತ್ರೆ ತುಂಬಿರತ್ತೆ. ಒಲೆ ಆರಿಸಿದ್ರೆ ತಳಕ್ಕೆ ಹೋಗತ್ತೆ. ಯಾಕೆ ಅಂತ ಹಾಲನ್ನ ಕೇಳ್ತಾ ಕೂತ್ಕೊಳ್ಲಾ?" ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನನ್ನು ನೋಡಿದರು. "ಯಾಕಪ್ಪಾ, ನೀನು ಟೀ ನಿಲ್ಲಿಸಿಬಿಟ್ಯಾ?"

ಹೊತ್ತಾಯಿತು ಎಂದು ಎದ್ದು ಬಂದೆ. ಐದು ತಿಂಗಳು, ದಿನಕ್ಕೆ ಇನ್ನೂರರ ಹತ್ತಿರ. ಗೊಣಗಿದವರಿಗೆಲ್ಲ ಪೈಪ್ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದೇನೆ.

ಇವತ್ತಿನಿಂದ ಒಂದು ಗಂಟೆ ಆರಲು ಬಿಡುತ್ತಿದ್ದೇವೆ. ಕಾರಣ ಕೇಳಿದವರಿಗೆ ಬಿಸಿಲು ಎಂದೆ.

ಏಪ್ರಿಲ್ 2, ಮಂಗಳವಾರ

ಮಾಲೀಕರಿಗೆ ಹೇಳಿದೆ. ಬಾಗಿಲು ಮುಚ್ಚಿ ಬಾ ಎಂದರು. ಪೂರ್ತಿ ಕೇಳಿಸಿಕೊಂಡರು.

"ಸರಿಪಡಿಸಿದೀಯ ತಾನೆ?"

"ಪಡಿಸಿದೀನಿ."

"ಹಂಗಾದ್ರೆ ಮುಗೀತು. ಇನ್ನು ಐದು ದಿನಕ್ಕೆ ನಿನ್ನ ಪರೀಕ್ಷೆ. ಈಗ ಇದನ್ನ ಎತ್ತಿದ್ರೆ ನಿನ್ನ ಹುದ್ದೆ ಹೋಗತ್ತೆ, ನನ್ನ ಪರವಾನಗಿ ಮೇಲೂ ಬರತ್ತೆ. ಐದು ತಿಂಗಳಿಂದ ಕಮ್ಮಿ ಕೊಟ್ಟಿದೀವಿ ಅಂತ ಊರಿಗೆಲ್ಲ ಸಾರ್ಬೇಕಾ?"

"ಸೀಟಿ ಕಥೆ?"

"ಸೋಮವಾರದೊಳಗೆ ರಾಜೀನಾಮೆ ಬರೆದುಕೊಟ್ರೆ ಪೊಲೀಸ್ ದೂರು ಬೇಡ ಅಂತ ಹೇಳಿದೀನಿ. ಅವನಿಗೆ ಬೇರೆ ಕೆಲಸ ಸಿಗತ್ತೆ, ಬಿಡು."

ಕಳ್ಳ ಎಂದು ಬಿಡಿಸಿದವನಿಗೆ ಯಾರು ಕೆಲಸ ಕೊಡುತ್ತಾರೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಸರಿ ಸಾರ್ ಎಂದು ಎದ್ದು ಬಂದೆ. ಹೊರಗೆ ಬಂದ ಮೇಲೆ ಬಹಳ ಹಗುರವಾಯಿತು. ಅದನ್ನೂ ಬರೆದಿಡಬೇಕು.

ಏಪ್ರಿಲ್ 4, ಗುರುವಾರ

ಹೆಂಡತಿಗೆ ಎಲ್ಲವನ್ನೂ ಹೇಳಿದೆ. "ಅಕ್ಕನಿಗೆ ಹೇಳಿದ್ರಾ?" ಎಂದಳು. ಇಲ್ಲವೆಂದೆ. "ಅವರಿಗೆ ಗೊತ್ತು" ಎಂದಳು.

ಏಪ್ರಿಲ್ 7, ಭಾನುವಾರ

ಪರೀಕ್ಷೆ ಬರೆದೆ. ಹನ್ನೊಂದನೇ ಪ್ರಶ್ನೆ: ತುಂಬಿದ ಕೂಡಲೇ ಸೀಲ್ ಹಾಕಬಾರದು ಏಕೆ? ಐದು ಅಂಕ. ಒಂದೂವರೆ ಪುಟ ಬರೆದೆ. ಪಕ್ಕದವನು ಎರಡು ಸಾಲು ಬರೆದು ಎದ್ದು ಹೋದ.

ಹೊರಗೆ ಅಕ್ಕ ಛತ್ರಿ ಹಿಡಿದು ನಿಂತಿದ್ದಳು. ಹೇಗೆ ಬರೆದೆ ಎಂದು ಕೇಳಲಿಲ್ಲ. "ನಾಳೆ ಸೋಮವಾರ" ಎಂದಳು. ಸೀಟಿಯ ಗಡುವನ್ನು ಹೆಂಡತಿ ಹೇಳಿರಬೇಕು.

ಏಪ್ರಿಲ್ 8, ಸೋಮವಾರ

ಎಂಟಕ್ಕೆ ಹೋಗಿ ಟೀ ವಿರಾಮಕ್ಕೆ ಕಾಯದೆ, ಬೇಗಬೇಗ, ಹಳೆಯ ರೀತಿಯಲ್ಲಿ ಅಲ್ಲ, ನನ್ನ ರೀತಿಯಲ್ಲಿ ಒಂದು ಸಿಲಿಂಡರ್ ತುಂಬಿದೆ. 150. ಇಂಗಾಲದ ಡೈಆಕ್ಸೈಡ್ ವಿಭಾಗದಲ್ಲಿ ತೂಕದ ಯಂತ್ರವಿದೆ, ಅವರು ತೂಕ ನೋಡಿ ತುಂಬುತ್ತಾರೆ, ನಾವು ಮಾತ್ರ ಮುಳ್ಳು ನೋಡಿ. ಅದರ ಮೇಲಿಟ್ಟೆ: 60.7 ಕೆಜಿ. ತಂಪು ಕೋಣೆಗೆ ಸಾಗಿಸಿದೆ.

ಮಧ್ಯಾಹ್ನ ಮೂರಕ್ಕೆ ರಾಜೀನಾಮೆ ಬರೆದುಕೊಡಲು ಸೀಟಿ ಬಂದರು; ಬಂದ ಎಂದು ಬರೆಯಲು ಇವತ್ತು ಮನಸ್ಸಾಗಲಿಲ್ಲ. ಮಾಲೀಕರು ಕಾಗದ ಮುಂದಿಟ್ಟಿದ್ದರು. ನಾನು ಕೈಗಾಡಿಯಲ್ಲಿ ಸಿಲಿಂಡರನ್ನೂ ತೂಕದ ಯಂತ್ರವನ್ನೂ ಕಚೇರಿಯೊಳಕ್ಕೇ ತಂದೆ.

"ಇದೇನಯ್ಯಾ ಹುಚ್ಚು" ಎಂದರು ಮಾಲೀಕರು.

ಮುಳ್ಳು 133. "ಸೋರಿದೆ" ಎಂದರು. ಎದುರಿಗೇ ತೂಗಿಸಿದೆ. 60.7. ಒಂದು ಗ್ರಾಂ ಹೊರಗೆ ಹೋಗಿಲ್ಲ, ಮುಳ್ಳು ಮಾತ್ರ ಇಳಿದಿದೆ. ಆಮೇಲೆ, ಆರಲು ಬಿಟ್ಟು ತುಂಬಿದ ಇನ್ನೊಂದನ್ನು ಅದೇ ಯಂತ್ರದ ಮೇಲಿಟ್ಟೆ. ಖಾಲಿ ತೂಕ ಎರಡರದ್ದೂ ಒಂದೇ. ಇದು 61.8.

"ಒಂದು ಕೆಜಿ ನೂರು ಗ್ರಾಂ. ಇದನ್ನ ಯಾರೂ ಕದಿಲಿಲ್ಲ. ನಾನು ತುಂಬೇ ಇರ್ಲಿಲ್ಲ" ಎಂದೆ. ಹೊಸ ಹೇಳಿಕೆಯ ಎರಡು ಪ್ರತಿ ಇಟ್ಟೆ. ಒಂದು ಅವರಿಗೆ, ಇನ್ನೊಂದು ತಪಾಸಣಾ ಕಚೇರಿಗೆ. ಎರಡನೆಯದನ್ನು ಬೆಳಿಗ್ಗೆಯೇ ಅಂಚೆಗೆ ಹಾಕಿದ್ದೇನೆ ಎಂದೂ ಹೇಳಿದೆ.

ಮಾಲೀಕರು ತೂಕದ ಯಂತ್ರದ ಅಂಕಿಯನ್ನು ಬಗ್ಗಿ ತಾವೇ ಓದಿದರು. ರಾಜೀನಾಮೆಯ ಕಾಗದ ಹರಿದರು. ನಾಳೆಯಿಂದ ನೀನು ಬರೀ ತುಂಬುವವನು ಎಂದರು ನನಗೆ. ಸೀಟಿ ಎದ್ದು ಹೋದರು.

ಏಪ್ರಿಲ್ 10, ಬುಧವಾರ

ಸೀಟಿ ಕೆಲಸಕ್ಕೆ ಬಂದಿಲ್ಲ. ಭಾವನ ಅಂಗಡಿಗೆ ಹೋಗಿ ಹುಡುಕಿದೆ. ಕಬ್ಬಿಣದ ಗೇಟಿಗೆ ಬಣ್ಣ ಬಳಿಯುತ್ತಿದ್ದರು. ಕ್ಷಮಿಸಬೇಕು ಎಂದು ಏನೇನೋ ಹೇಳಿದೆ. ಬ್ರಷ್ ನಿಲ್ಲಿಸಲಿಲ್ಲ.

"ನನ್ನ ವಿಷಯ ಬಿಡಿ ಸಾರ್. ಕಳ್ಳ ಅನ್ನಿಸ್ಕೊಂಡೆ, ಈಗ ಇಲ್ಲ ಅಂತಾಯ್ತು." ಎಂಟು ವರ್ಷದಲ್ಲಿ ಮೊದಲ ಸಲ ಸಾರ್ ಎಂದರು. "ಆವತ್ತು ಆ ಮನೆ ಮಗಳು ನನಗೆ ಫೋನ್ ಮಾಡಿದ್ರು, ಗೊತ್ತಾ? ಮುಳ್ಳು ಆಗ್ಲೇ ಕೆಂಪು ಗೆರೆ ಹತ್ರ ಇದೆ, ಕಾರ್ಡಲ್ಲಿ ಇನ್ನೂ ಹತ್ತು ಗಂಟೆ ಇದೆ, ಏನ್ ಮಾಡ್ಲಿ ಅಂತ. ನಾನು ಏನಂದೆ? ಮುಳ್ಳು ಹಳೇದಮ್ಮ, ಕೆಟ್ಟಿರತ್ತೆ, ಕಾರ್ಡ್ ನಂಬಿ, ನಮ್ಮಣ್ಣ ಸ್ವತಃ ತುಂಬಿದ್ದು ಅಂದೆ."

"ಇದನ್ನ ವಿಚಾರಣೆಲಿ ಹೇಳ್ಲೇ ಇಲ್ವಲ್ಲ."

"ಹೇಳಿದ್ರೆ ನಿಮ್ಮ ಮೇಲೆ ಬರೋದು. ನೀವು ತಪ್ಪು ಮಾಡಿರಲ್ಲ ಅಂತ ಅಂದ್ಕೊಂಡಿದ್ದೆ." ಬ್ರಷ್ಷನ್ನು ಡಬ್ಬದಲ್ಲಿ ಅದ್ದಿದರು. "ಆ ಮನೆಗೆ ಹೋಗಿ ಹೇಳ್ಬೇಕು. ನಾನೊಬ್ನೇ ಹೋಗಲ್ಲ."

ಏಪ್ರಿಲ್ 14, ಭಾನುವಾರ

ಇಬ್ಬರೂ ಹೋದೆವು. ಮೂರನೇ ಮಹಡಿ. ನಾನೇ ಆರಲು ಬಿಟ್ಟು ತುಂಬಿದ ಸಿಲಿಂಡರನ್ನು ಇಬ್ಬರೂ ಹೊತ್ತು ಹತ್ತಿದೆವು. ಕಂಡಕ್ಟರ್ ಕಿಟಕಿಯ ಪಕ್ಕ ದಿಂಬಿಗೆ ಒರಗಿದ್ದರು. ಮೊದಲು ಹೊಸಿಲವರೆಗೆ ನಡೆಯುತ್ತಿದ್ದರಂತೆ, ಈಗ ಹಾಸಿಗೆಯಿಂದ ಕುರ್ಚಿಗೆ ಬರುವುದೂ ಕಷ್ಟ. ಎರಡು ಪದಕ್ಕೊಮ್ಮೆ ಉಸಿರು ನಿಲ್ಲುತ್ತದೆ.

ಎಲ್ಲವನ್ನೂ ಹೇಳಿದೆ. ಬಿಸಿ, ತಣ್ಣಗಾಗುವುದು, ಟೀ. ಸೀಟಿ ತಮ್ಮ ಭಾಗ ಹೇಳಿದರು. ಮಗಳು ಗೋಡೆಗೆ ಒರಗಿ ಕೇಳಿದರು.

ಕಂಡಕ್ಟರ್ ನನ್ನನ್ನು ಹತ್ತಿರ ಕರೆದರು. "ಎಷ್ಟು... ಜನಕ್ಕೆ?" ಎಂದರು.

ಗೊತ್ತಿಲ್ಲ ಎಂದೆ. ಲೆಕ್ಕ ಹಾಕಬಹುದು, ಹಾಕಿಲ್ಲ ಎಂದೆ. ಅವರು ಕಣ್ಣು ಮುಚ್ಚಿಕೊಂಡರು.

ಹತ್ತು ಗಂಟೆಗೆ ಹೊಸ ಸಿಲಿಂಡರ್ ಜೋಡಿಸಿದೆವು. 150, ಕೋಣೆ 27. "ಇದು ಎಷ್ಟು ಗಂಟೆ ಬರತ್ತೆ?" ಎಂದು ಮಗಳು ಕೇಳಿದರು. ಐವತ್ತೆಂಟು ಎಂಬ ಮಾತು ಬಾಯಿಗೆ ಬಂತು, ನುಂಗಿದೆ. ನಾಲ್ಕು ಗಂಟೆಗೊಮ್ಮೆ ಮುಳ್ಳು ನೋಡಿ ನನಗೆ ಹೇಳಿ, ಯಾವ ಹೊತ್ತಾದರೂ ಸರಿ ಎಂದು ನಂಬರ್ ಬರೆದುಕೊಟ್ಟೆ.

ಏಪ್ರಿಲ್ 15, ಸೋಮವಾರ

ನಿನ್ನೆ ಮಧ್ಯಾಹ್ನ ಎರಡಕ್ಕೆ 140. ಸಂಜೆ ಆರಕ್ಕೆ 129. ಇವತ್ತು ಬೆಳಿಗ್ಗೆ ಆರಕ್ಕೆ 98. ಹತ್ತಕ್ಕೆ 88. ಮಗಳು ಫೋನ್ ಮಾಡಿ ಪ್ರತಿ ಸಲವೂ ಅಂಕಿ ಹೇಳುತ್ತಾರೆ, ನಾನು ಸರಿ ಇದೆ ಎನ್ನುತ್ತೇನೆ, ಇಡುತ್ತಾರೆ.

ಎರಡು ಗಂಟೆಗೆ 78 ಎಂದರು. ಸರಿ ಇದೆ ಎಂದೆ. ಫೋನ್ ಇಡಲಿಲ್ಲ.

"ಸರಿ ಅಂದ್ರೆ ಏನು ಸರಿ? ನೀವು ಹೇಳೋದು, ನಾನು ನಂಬೋದು. ಆವತ್ತೂ ಅದೇ ಆಗಿದ್ದು."

ತುಂಬುವ ಸಾಲಿನ ಪಕ್ಕದಲ್ಲೇ ನಿಂತು ಹೇಳಿದೆ. ಸಿಲಿಂಡರಿನ ಹೊಟ್ಟೆ ನಲವತ್ತೇಳು ಲೀಟರ್ ಹಿಡಿಯುತ್ತದೆ. ನಿಮಿಷಕ್ಕೆ ಎರಡು ಲೀಟರ್ ಎಂದರೆ ನಾಲ್ಕು ಗಂಟೆಗೆ ನಾನೂರೆಂಬತ್ತು. ಅದನ್ನು ನಲವತ್ತೇಳರಿಂದ ಭಾಗಿಸಿದರೆ ಹತ್ತಕ್ಕಿಂತ ಚೂರು ಹೆಚ್ಚು. ಕೋಣೆಯ ಬಿಸಿ ಬದಲಾಗದಿದ್ದರೆ ಮುಳ್ಳು ನಾಲ್ಕು ಗಂಟೆಗೆ ಅಷ್ಟೇ ಇಳಿಯಬೇಕು. ಅವರು ಬರೆದುಕೊಳ್ಳುತ್ತಿದ್ದರು, ಪೆನ್ನಿನ ಸದ್ದು ಕೇಳುತ್ತಿತ್ತು. ಒಂದು ಕಡೆ ನಿಲ್ಲಿಸಿ, ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ.

"ಹಾಗಾದ್ರೆ ಆರಕ್ಕೆ ಅರವತ್ತೇಳೋ ಅರವತ್ತೆಂಟೋ ಇರ್ಬೇಕು."

"ಹೌದು."

"ಕಮ್ಮಿ ಇದ್ರೆ ನಿಮ್ಮನ್ನ ಕೇಳಲ್ಲ. ನೇರ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ."

"ಹಾಗೇ ಮಾಡಿ" ಎಂದೆ.

ಐದೂವರೆಯಿಂದ ಮೇಜಿನ ಮುಂದೆ ಕುಳಿತಿದ್ದೆ. ಆರಕ್ಕೆ ಫೋನ್ ಬರಲಿಲ್ಲ. ಆರು ಗಂಟೆ ನಾಲ್ಕು ನಿಮಿಷಕ್ಕೆ ಒಂದು ಸಂದೇಶ ಬಂತು. ಅದರಲ್ಲಿ ಹೆಸರಿಲ್ಲ, ಮಾತಿಲ್ಲ. ಎರಡೇ ಅಂಕಿ: 67.